ಕಿಂಡಿಯಿಲ್ಲದ ಏಳು ಕಿಟಕಿ

ಝಾರೆಚ್ಯ ಎಂಬ ಊರಿನಲ್ಲಿ ಯಾರ ಮನೆಯ ಗಾಜು ಒಡೆದರೂ ಮೊದಲು ಬಾಯಿಗೆ ಬರುತ್ತಿದ್ದುದು ಲುಕಿಚ್‌ನ ಹೆಸರು. ದೇವರ ಹೆಸರು ಆಮೇಲೆ. ಪೂರ್ತಿ ಹೆಸರು ಪ್ರೊಖೋರ್ ಲುಕಿಚ್. ಆದರೆ ಒಡೆದ ಕಿಟಕಿಯಿಂದ ಹಿಮ ಹಾಸಿಗೆಯ ಮೇಲೆ ಸುರಿಯುವಾಗ ಪೂರ್ತಿ ಹೆಸರು ಹಿಡಿದು ಕರೆಯುವಷ್ಟು ಪುರುಸೊತ್ತು ಯಾರಿಗಿತ್ತು? ಏಳನೇ ಕ್ಲಾಸಿಗೆ ಶಾಲೆಗೆ ಕೈಮುಗಿದು ಅಪ್ಪನ ಹಿಂದೆ ಗಾಜಿನ ಪೆಟ್ಟಿಗೆ ಹೊತ್ತು ಹೊರಟವನು, ಮಾರನೇ ವಾರವೇ ಅದೇ ಶಾಲೆಗೆ ವಾಪಸ್ ಹೋಗಿದ್ದ, ಒಡೆದ ಆರು ಗಾಜು ಹಾಕಲು. ಪಾಠ ಹೇಳುವಾಗ ಒಮ್ಮೆಯೂ ಅವನ ಕಡೆ ನೋಡದಿದ್ದ ಮೇಷ್ಟ್ರು ಆವತ್ತು ಕುರ್ಚಿ ಕೊಟ್ಟು, ಚಹಾ ಕೊಟ್ಟು, "ಬೇಗ ಮುಗಿಸಪ್ಪಾ, ಚಳಿ" ಅಂದಿದ್ದರು. ವಿದ್ಯೆಗಿಂತ ಗಾಜು ದೊಡ್ಡದು ಅನ್ನುವುದು ಲುಕಿಚ್‌ಗೆ ಗೊತ್ತಾದದ್ದು ಹಾಗೆ.

ಅಲ್ಲಿಂದ ನಲವತ್ತೈದು ವರ್ಷ ಊರಿನ ಗಾಳಿಯನ್ನೆಲ್ಲ ಹೊರಗೇ ನಿಲ್ಲಿಸಿದ. ತನ್ನ ಮನೆಯದನ್ನು ಬಿಟ್ಟು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಮರದ ದಿಮ್ಮಿ ಜೋಡಿಸಿ ಕಟ್ಟಿದ್ದರೆ ಅದು ಅವನ ಮನೆಯಂತೆಯೇ ಇರುತ್ತಿತ್ತು. ಏಳು ಕಿಟಕಿ. ಹೊರಗೊಂದು, ಒಳಗೊಂದು ಅಂತ ಪ್ರತಿಯೊಂದಕ್ಕೂ ಎರಡೆರಡು ಚೌಕಟ್ಟು. ಯುದ್ಧ ಮುಗಿದ ವರ್ಷ ಅಪ್ಪ ಸಿಕ್ಕಿದ ಹಸಿ ಮರದಲ್ಲಿ ಮಾಡಿದ್ದು. ಮರ ಒಣಗಿತು, ಸೊಟ್ಟಗಾಯಿತು, ಬಿರುಕುಬಿಟ್ಟಿತು. ಮನೆಯೊಡೆಯ ಮಾತ್ರ ಕಣ್ಣುಬಿಡಲಿಲ್ಲ.

ಪ್ರತಿ ಅಕ್ಟೋಬರಿನಲ್ಲಿ ಹೆಂಡತಿ ರಾಯಿಸ ಎರಡು ಚೌಕಟ್ಟಿನ ನಡುವೆ ಹತ್ತಿ ತುಂಬುವಳು, ಅದರ ಮೇಲೆ ಚೆಂದಕ್ಕೆ ಕೆಂಪು ಕಾಡುಹಣ್ಣಿನ ಗೊಂಚಲು ಇಡುವಳು, ಹಿಟ್ಟು ಕುದಿಸಿ ಅಂಟು ಮಾಡಿ ಸಂದುಸಂದಿಗೂ ಕಾಗದದ ಪಟ್ಟಿ ಮೆತ್ತುವಳು. ಏಪ್ರಿಲಿನಲ್ಲಿ ಎಲ್ಲವನ್ನೂ ಕಿತ್ತು ತೊಳೆಯುವಳು. ಮದುವೆಯಾಗಿ ಮೂವತ್ತೊಂಬತ್ತು ವರ್ಷ. ಮೂವತ್ತೊಂಬತ್ತು ಸಲ ಮೆತ್ತಿದ್ದಳು, ಮೂವತ್ತೊಂಬತ್ತು ಸಲ ಕಿತ್ತಿದ್ದಳು. ಅಷ್ಟಾದರೂ ಜನವರಿಯಲ್ಲಿ ಪರದೆಗಳು ಹಡಗಿನ ಹಾಯಿಯಂತೆ ಉಬ್ಬುತ್ತಿದ್ದವು. ಗೋಡೆಯ ಕ್ಯಾಲೆಂಡರಿನ ಹಾಳೆ ತಾನಾಗಿಯೇ ಮಗುಚುತ್ತಿತ್ತು. ಫೆಬ್ರವರಿ ಬೇಗ ಮುಗಿಯಲಿ ಅಂತ ಪಾಪ ಗಾಳಿಗೂ ಅನಿಸುತ್ತಿತ್ತೋ ಏನೋ.

"ಕಿಟಕಿದಲ್ಲ ತಪ್ಪು, ಒಲೆದು," ಅನ್ನುತ್ತಿದ್ದ ಲುಕಿಚ್. "ಆ ಝಖಾರ್ ಕಟ್ಟಿದ ಒಲೆ. ಮರ ತಿನ್ನುತ್ತೆ ಹಂದಿ ಹಾಗೆ, ಶಾಖ ಕೊಡುತ್ತೆ ಚಂದ್ರನ ಹಾಗೆ."

ಪಕ್ಕದ ಮನೆಯ ಝಖಾರ್ ಊರಿಗೆಲ್ಲ ಇಟ್ಟಿಗೆ ಒಲೆ ಕಟ್ಟುವವನು. ಅವನೂ ಬೇಲಿಯಾಚೆಯಿಂದ ಬಿಡುತ್ತಿರಲಿಲ್ಲ. "ನನ್ನ ಒಲೆ ಇಡೀ ಬೀದಿನ ಕಾಯಿಸ್ತಾ ಇದೆ ಕಣೋ, ನಿನ್ನ ಕಿಟಕಿ ದಯದಿಂದ. ನಿಮ್ಮನೆ ಮುಂದೆ ಹಿಮ ಬೇಗ ಕರಗೋದು ಯಾಕೆ ಅಂದ್ಕೊಂಡೆ?"

ಇಪ್ಪತ್ತು ವರ್ಷ ಒಲೆಯವನು ಕಿಟಕಿಯನ್ನು ಬೈದ, ಕಿಟಕಿಯವನು ಒಲೆಯನ್ನು ಬೈದ. ನಡುವೆ ನಡುಗಿದವಳು ರಾಯಿಸ.

ಕಳೆದ ಚಳಿಗಾಲ ಅಡಿಗೆಮನೆಯ ಬಕೆಟ್ಟಿನ ನೀರಿನ ಮೇಲೆ ಮಂಜಿನ ಕೆನೆ ಕಟ್ಟಿತು. ರಾಯಿಸ ಎದೆ ಕಟ್ಟಿ ಮೂರು ವಾರ ಮಲಗಿದಳು, ತಲೆಗೆ ತುಪ್ಪಳದ ಟೋಪಿ ಹಾಕಿಕೊಂಡೇ. ನದಿಯಾಚೆ ಐದಂತಸ್ತಿನ ಕಟ್ಟಡದಲ್ಲಿರುವ ಅವಳ ಅಕ್ಕ ಕ್ಲಾವಾ ದಿನವೂ ಸಾರು ತಂದಳು. ಸಾರಿನ ಜೊತೆಗೆ ಖಾರವನ್ನೂ.

"ನಮ್ಮನೇಲಿ ಪ್ಲಾಸ್ಟಿಕ್ ಕಿಟಕಿ ಹಾಕ್ಸಿದ ಮೇಲೆ ಜನವರಿಲೂ ತೋಳಿಲ್ಲದ ರವಿಕೇಲಿ ಓಡಾಡ್ತೀನಿ. ಇಲ್ಲಿ ನೋಡಿದ್ರೆ ಸಾರಿಗೇ ಕೋಟು ಹಾಕ್ಬೇಕು. ಗಾಜಿನವನ ಕೈ ಹಿಡಿದ ಭಾಗ್ಯ ಅಂದ್ರೆ ಇದೇ ನೋಡು!"

ಏಪ್ರಿಲ್ ಬಂತು. ಕಾಗದ ಕೀಳುವ ದಿನವೂ ಬಂತು. ರಾಯಿಸ ಕೀಳಲಿಲ್ಲ. ಬೆಂಚಿನ ಮೇಲೆ ಕೈಕಟ್ಟಿ ಕೂತಳು.

"ಲುಕಿಚ್, ಕಿವಿ ಇದ್ರೆ ಕೇಳು. ಇನ್ನೊಂದು ಚಳಿಗಾಲ ಈ ಕಿಟಕಿಗಳ ಜೊತೆ ನಾನು ಬಾಳಲ್ಲ. ಪ್ಲಾಸ್ಟಿಕ್ ಕಿಟಕಿ ಹಾಕ್ಸು. ಇಲ್ದಿದ್ರೆ ಕ್ಲಾವಾ ಮನೆಗೆ ಹೋಗ್ತೀನಿ."

"ಚಳಿಗಾಲ ಕಳೆಯೋಕಾ?"

"ಚಳಿಗಾಲಕ್ಕೇ ಹೋಗೋದು. ಬೆಚ್ಚಗಿದ್ರೆ ವಾಪಸ್ ಯಾಕೆ ಬರ್ಬೇಕು, ನೀನೇ ಹೇಳು."

ಅವಳು ಕೂಗಿ ಹೇಳಿದ್ದರೆ ಲುಕಿಚ್‌ಗೆ ಭಯವಿರಲಿಲ್ಲ. ಕೂಗಾಟದಲ್ಲಿ ಅವನು ಊರಿಗೇ ಮೊದಲಿಗ. ಮೆತ್ತಗೆ ಹೇಳಿದಳು. ಅವನು ಹೆದರಿದ್ದೇ ಅದಕ್ಕೆ. ಆದರೆ ಪ್ಲಾಸ್ಟಿಕ್! ಬಿಳಿ ವ್ಯಾನಿನಲ್ಲಿ ಬರುವ ಆ ಪ್ಲಾಸ್ಟಿಕ್ ಕಿಟಕಿಯವರೇ ಐದು ವರ್ಷದಲ್ಲಿ ಅವನ ಕಸುಬಿಗೆ ಮಣ್ಣು ಹಾಕಿದ್ದರು. ಆ ಗಾಜು ಒಡೆಯುವುದೂ ಇಲ್ಲ. ಒಡೆದರೆ ಕಿಟಕಿಯನ್ನೇ ಹೊತ್ತೊಯ್ದು ಬೇರೆ ತರುತ್ತಾರಂತೆ. ಹಲ್ಲು ನೋವೆಂದರೆ ತಲೆ ಬದಲಾಯಿಸುವ ವೈದ್ಯರು! ಗಾಜಿನ ಲುಕಿಚ್‌ನ ಮನೆಗೇ ಅವರ ವ್ಯಾನು ಬಂದು ನಿಂತರೆ, ಅವನು ಮತ್ತೆ ಅಂಗಡಿ ಬೀದಿಯಲ್ಲಿ ಮುಖ ಎತ್ತಿ ನಡೆಯುವುದುಂಟೆ?

"ನಾನೇ ಮಾಡ್ತೀನಿ," ಅಂದ. "ಏಳೂ ಹೊಸವು. ಪೊಕ್ರೊವ್ ಹಬ್ಬದೊಳಗೆ."

"ಮಾಡ್ತೀಯಾ. ಮೂವತ್ತೊಂಬತ್ತು ವರ್ಷದಿಂದ ಮಾಡ್ತಾನೇ ಇದ್ದೀಯಾ."

"ಹಬ್ಬದ ದಿನ ಕಿಟಕಿ ಸಂದಿಗೆ ಮೇಣದಬತ್ತಿ ಹಿಡಿದು ನೋಡು. ಏಳರಲ್ಲಿ ಒಂದು ಕಡೆ ಉರಿ ಬಾಗಿದ್ರೂ ನಾನೇ ಆ ವ್ಯಾನಿನವರಿಗೆ ಫೋನ್ ಮಾಡ್ತೀನಿ. ಬಾಗದಿದ್ರೆ ನೀನು ಎಲ್ಲೂ ಹೋಗಂಗಿಲ್ಲ. ಸಾಕ್ಷಿಗೆ ನಿಮ್ಮಕ್ಕನೂ ಇರ್ಲಿ, ಆ ಝಖಾರೂ ಇರ್ಲಿ. ನಾಚಿಕೆ ಪಡೋಕೆ ಇಬ್ಬರಾದ್ರೂ ಬೇಕಲ್ಲ!"

ಪೊಕ್ರೊವ್ ಅಂದರೆ ಅಕ್ಟೋಬರಿನಲ್ಲಿ ಮೊದಲ ಹಿಮ ಬೀಳುವ ಹಬ್ಬ. ಅಷ್ಟರೊಳಗೆ ಕಿಟಕಿ ಬಿಗಿಯದವನ ಮನೆಯಲ್ಲಿ ಚಳಿ ಬಾಡಿಗೆಯಿಲ್ಲದೆ ಕೂರುತ್ತದೆ. ಲುಕಿಚ್‌ಗೆ ಸಿಕ್ಕಿದ್ದು ಐದೂವರೆ ತಿಂಗಳು.

ಮರಕ್ಕೆ ಅಟ್ಟ ಹತ್ತಿದ. ಅಲ್ಲಿ ಹನ್ನೊಂದು ವರ್ಷದಿಂದ ಒಣಗುತ್ತಿದ್ದ ಪೈನ್ ಹಲಗೆಗಳಿದ್ದವು, ಗಂಡಹೆಂಡಿರಿಬ್ಬರ ಶವಪೆಟ್ಟಿಗೆಗೂ ಸಾಕಾಗಿ ಮಿಗುವಷ್ಟು. ಬುದ್ಧಿವಂತ ಸಂಸಾರಿಗಳು ಅಲ್ಲಿ ಸಾವಿಗೆ ಹೀಗೆ ಮೊದಲೇ ತಯಾರಿರುತ್ತಾರೆ. ಬದುಕಿಗೆ ತಯಾರಾಗುವುದು ಮಾತ್ರ ಮರೆತುಹೋಗುತ್ತದೆ. ಹಲಗೆ ಇಳಿಸುವುದನ್ನು ರಾಯಿಸ ನೋಡಿದಳು.

"ನಾಳೆ ನಿನ್ನನ್ನ ಯಾವುದರಲ್ಲಿ ಹೂಳಲಿ?"

"ಪ್ಲಾಸ್ಟಿಕ್‌ನಲ್ಲಿ," ಅಂದ ಲುಕಿಚ್. "ನಿಮ್ಮಕ್ಕನ್ನ ಕೇಳು, ಗಾಳಿ ಒಂಚೂರೂ ನುಗ್ಗಲ್ಲವಂತೆ."

ಗಾಜಿಗೆ ನದಿದಂಡೆಯ ಕಸದ ದಿಬ್ಬಕ್ಕೆ ಹೋದ. ಊರಿನ ಜನ ಪ್ಲಾಸ್ಟಿಕ್ ಹಾಕಿಸಿಕೊಂಡು ಹಳೆಯ ಕಿಟಕಿಗಳನ್ನು ಅಲ್ಲಿ ಎಸೆದಿದ್ದರು. ಅವನ ನಲವತ್ತೈದು ವರ್ಷದ ದುಡಿಮೆ ಗಿಡಗಂಟಿಯ ನಡುವೆ ಕಾಲುಚಾಚಿ ಮಲಗಿತ್ತು. ಒಂದೊಂದನ್ನೂ ಗುರುತು ಹಿಡಿದ. ಇದು ಸೂಲಗಿತ್ತಿಯ ಮನೆಯದು, ಹಾಕುವಾಗ ಒಳಗೆ ಅವಳಿ ಹುಟ್ಟಿದ್ದವು. ಇದು ಅಂಚೆ ಕಚೇರಿಯದು, ಕುಡುಕನೊಬ್ಬ ಕಾಗದ ಬರಲಿಲ್ಲವೆಂದು ತಲೆಯಿಂದ ಗುದ್ದಿ ಒಡೆದದ್ದಕ್ಕೆ ಹಾಕಿದ್ದು. ಮತ್ತೆ ಇದು, ಮೂಲೆಯಲ್ಲಿ ಉಗುರಿನಷ್ಟು ಗೀರಿರುವುದು, ಕ್ಲಾವಾಳ ಅಡಿಗೆಮನೆಯದು. ಆ ಗೀರಿಗಾಗಿ ಅವಳು ಎಂಟು ವರ್ಷ ಸಿಕ್ಕಸಿಕ್ಕಲ್ಲಿ ಅವನ ಮಾನ ಕಳೆದಿದ್ದಳು. ಅದನ್ನೂ ಬಿಡದೆ ತಂದ. ಎರಡಾಗಿ ಕೊಯ್ದು, ತನ್ನ ಅಡಿಗೆಮನೆಯ ಕಿಟಕಿಯ ಮೇಲಿನ, ತೆರೆಯಲು ಬಾರದ ಚಿಕ್ಕ ಚೌಕಕ್ಕೆ ಹೊರಗೊಂದು ಒಳಗೊಂದು ಕೂರಿಸಿದ. ಗೀರು ಕಣ್ಣಿಗೆ ಕಾಣುವ ಹಾಗೆಯೇ, ಬೇಕೆಂದೇ.

ಕೆಲಸ ಮಾತ್ರ ಮಾಡಿದ ನೋಡಿ! ಬಾಯಿಬಡುಕನಾದರೂ ಕೈ ಸುಳ್ಳು ಹೇಳುತ್ತಿರಲಿಲ್ಲ. ಚೌಕಟ್ಟಿನ ಕೂಡುಗಳಲ್ಲಿ ಕ್ಷೌರದ ಬ್ಲೇಡು ತೂರುತ್ತಿರಲಿಲ್ಲ. ಆಗಸ್ಟಿನ ಹೊತ್ತಿಗೆ ಮೂರು ಕಿಟಕಿ ನಿಂತವು. ರಾಯಿಸ ಬಂದಳು, ಮುಟ್ಟಿದಳು, ಮೆಚ್ಚಿದ್ದು ಮುಖದ ಮೇಲೆ ಬಾರದಂತೆ ತುಟಿ ಬಿಗಿದಳು. ಆಮೇಲೆ ತಲೆ ಎತ್ತಿದಳು.

"ಕಿಂಡಿ ಎಲ್ಲಿ?"

ಅಲ್ಲಿನ ಕಿಟಕಿಗೆ ಮೇಲಿನ ಮೂಲೆಯಲ್ಲಿ ಗೇಣು ಅಗಲದ್ದೊಂದು ಕಿಂಡಿ, ಅದಕ್ಕೆ ಅದರದೇ ಪುಟ್ಟ ಬಾಗಿಲು. ಇಡೀ ಕಿಟಕಿ ಬಿಗಿದು ಕಾಗದ ಮೆತ್ತಿದರೂ ಚಳಿಗಾಲದಲ್ಲಿ ಅದೊಂದು ತೆರೆಯುತ್ತದೆ. ಅಪ್ಪನ ಸೊಟ್ಟ ಕಿಟಕಿಗಳಲ್ಲೂ ಅದಿತ್ತು.

"ಕಿಂಡಿ ಇಲ್ಲ," ಅಂದ ಲುಕಿಚ್. "ಕಳ್ಳ ಬರೋದೇ ಅಲ್ಲಿಂದ. ಬಾಗಿಲು ಚಿಕ್ಕದಾದ್ರೆ ಗಾಳಿ ನಾಚ್ಕೊಂಡು ವಾಪಸ್ ಹೋಗುತ್ತಾ?"

"ಮತ್ತೆ ಒಳಗಿನ ಗಾಳಿ ಬದಲಾಗೋದು?"

"ಯಾಕೆ ಬದಲಾಗ್ಬೇಕು? ಇರೋ ಗಾಳಿಗೆ ಏನಾಗಿದೆ? ನಿನಗೆ ಬೇಕಾದ್ದು ಬೆಚ್ಚಗಿರೋದಾ, ಗಾಳಿ ಬದಲಾಯ್ಸೋದಾ?"

ಬೇಲಿಯಾಚೆ ಝಖಾರ್ ಬೀಡಿ ಬಾಯಲ್ಲಿಟ್ಟುಕೊಂಡು ಎಲ್ಲ ಕೇಳುತ್ತಿದ್ದ. "ಲುಕಿಚ್, ಕಿಂಡಿ ಮುಚ್ಚಿದ್ರೆ ನನ್ನ ಒಲೆ ಎಲ್ಲಿಂದಪ್ಪಾ ಉಸಿರು ತಗೊಳ್ಳೋದು?"

"ನಿನ್ನ ಒಲೆ ಉಸಿರಾಡೋದು ಬಿಟ್ಟು ಕಾಯೋದು ಕಲೀಲಿ! ನನ್ನ ಕಿಟಕಿ ಬಿಗಿಯಾದ್ರೆ ನಿನ್ನ ಇಟ್ಟಿಗೆ ಬಣ್ಣ ಬಯಲಾಗುತ್ತೆ ಅಂತ ಹೊಟ್ಟೆಯುರಿ ನಿನಗೆ."

ಝಖಾರ್ ಬೀಡಿ ಕೊಡವಿ ಒಳಗೆ ಹೋದ. ಹೋಗುವಾಗ ಅವನ ಹೆಗಲು ಕುಣಿಯುತ್ತಿದ್ದುದನ್ನು ಲುಕಿಚ್ ಕೆಮ್ಮು ಅಂದುಕೊಂಡ.

ಹಬ್ಬದ ಹಿಂದಿನ ದಿನ ಏಳನೆಯದೂ ನಿಂತಿತು. ಅಷ್ಟಕ್ಕೆ ಬಿಟ್ಟನೇ? ಗೋಡೆಯ ದಿಮ್ಮಿಗಳ ಸಂದಿಗೆಲ್ಲ ನಾರು ತುರುಕಿದ. ಬಾಗಿಲಿನ ಸುತ್ತ ದಪ್ಪ ಉಣ್ಣೆಪಟ್ಟಿ ಹೊಡೆದ. ನೆಲಹಲಗೆಯ ಬಿರುಕಿಗೆ ಪುಟ್ಟಿ ಮೆತ್ತಿದ. ಇಲಿ ಬಿಲವೊಂದಿತ್ತು, ಅದನ್ನೂ ಬಿಡಲಿಲ್ಲ. ಕೊನೆಗೆ ಏಳೂ ಕಿಟಕಿಗೆ ಕಾಗದದ ಪಟ್ಟಿ, ತನ್ನ ಕೈಯಾರೆ, ಮದುವೆಯಾದಾಗಿನಿಂದ ಮೊದಲ ಸಲ. ಆವತ್ತು ಅವನು ಒಲೆ ಹಚ್ಚಲೂ ಬಿಡಲಿಲ್ಲ. ಅಂಟು ನಿಧಾನವಾಗಿ ಒಣಗಬೇಕಂತೆ. ಇಬ್ಬರೂ ತಣ್ಣನೆ ಆಲೂಗಡ್ಡೆ ತಿಂದರು. ಊಟವಾದ ಮೇಲೆ ರಾಯಿಸ ಒಂದು ಚೀಲ ತಂದು ಎರಡು ಅಗಲವಾದ ಉಣ್ಣೆಶಾಲು, ಮಾತ್ರೆಯ ಡಬ್ಬಿ ತುಂಬಿದಳು. ಕೊನೆಗೆ ತವರಿನಿಂದ ತಂದ ಬಾತುಕೋಳಿ ಗರಿಯ ದಿಂಬನ್ನು ಮಡಚಿ ಒತ್ತಿದಳು. ಆ ದಿಂಬಿಲ್ಲದೆ ಅವಳಿಗೆ ನಿದ್ದೆ ಬರುವುದಿಲ್ಲ. ಆಸ್ಪತ್ರೆಗೂ, ತಮ್ಮನ ಮದುವೆಗೂ ಅದು ಅವಳ ಕಂಕುಳಲ್ಲೇ ಹೋಗಿತ್ತು. ಚೀಲ ಬಾಗಿಲ ಪಕ್ಕ ಕೂತಿತು. ಲುಕಿಚ್ ಅದನ್ನು ನೋಡದವನಂತೆ ಮೂರು ಸಲ ನೋಡಿದ.

ಹಬ್ಬದ ಬೆಳಿಗ್ಗೆ, ಹೇಳಿ ಕಳಿಸಿದಂತೆ, ಹಿಮ ಬಿತ್ತು. ಕ್ಲಾವಾ ತುಪ್ಪಳದ ಕೋಟಿನೊಳಗೆ ತೋಳಿಲ್ಲದ ರವಿಕೆ ಹಾಕಿಕೊಂಡೇ ಬಂದಳು, ಸಾಕ್ಷ್ಯ ಜೊತೆಗಿರಲಿ ಅಂತ. ಕೋಟು ಮಾತ್ರ ಬಿಚ್ಚಲಿಲ್ಲ. ಝಖಾರ್ ಗಡ್ಡ ಬಾಚಿಕೊಂಡು ಬಂದು ತನ್ನ ಒಲೆಯ ಪಕ್ಕ ಮಾವನಂತೆ ಕೂತ. ರಾಯಿಸ ದೇವರ ಮೂಲೆಯಿಂದ ಚರ್ಚಿನ ಸಪೂರ ಮೇಣದಬತ್ತಿ ತೆಗೆದು ಹಚ್ಚಿದಳು.

ಮೊದಲ ಕಿಟಕಿ. ಬತ್ತಿಯನ್ನು ಕೆಳಗಿಂದ ಮೇಲಕ್ಕೆ, ಎಡದಿಂದ ಬಲಕ್ಕೆ ಒಯ್ದಳು. ಉರಿ ದೊರೆ ಮುಂದಿನ ಸಿಪಾಯಿಯಂತೆ ನೆಟ್ಟಗೆ ನಿಂತಿತ್ತು. ಎರಡು, ಮೂರು, ನಾಲ್ಕು. ಲುಕಿಚ್‌ನ ಎದೆ ಉಬ್ಬುತ್ತಾ ಹೋಯಿತು. ಐದನೆಯದರ ಹತ್ತಿರ ಉರಿ ಸಟ್ಟನೆ ಬಾಗಿತು.

"ಬಾಗ್ತು!" ಅಂದಳು ಕ್ಲಾವಾ.

"ಬಾಗದೆ ಇನ್ನೇನು, ಕುದುರೆ ಹಾಗೆ ಉಸಿರು ಬಿಟ್ಟೆಯಲ್ಲ! ಬಾಯಿ ಮುಚ್ಕೊ. ಮೂಗೂ ಮುಚ್ಕೊ!"

"ಮನೆಗೆ ಬಂದವರು ಉಸಿರೂ ಆಡಬಾರ್ದಾ?"

"ಆಡಬಾರ್ದು. ಇದು ನ್ಯಾಯದ ಜಾಗ."

ಕ್ಲಾವಾಳನ್ನು ಮೂರು ಹೆಜ್ಜೆ ಹಿಂದೆ ನಿಲ್ಲಿಸಿ ಮತ್ತೆ ನೋಡಿದರು. ನೆಟ್ಟಗೆ. ಆರು, ಏಳು, ನೆಟ್ಟಗೆ. ರಾಯಿಸ ಬತ್ತಿಯನ್ನು ಲೋಟದಲ್ಲಿ ನಿಲ್ಲಿಸಿ, ಬಾಗಿಲ ಪಕ್ಕದ ಚೀಲದ ಕಡೆ ನೋಡಿ, "ಸರಿ ಬಿಡು, ಗೆದ್ದೆ" ಅಂದಳು. ಮೂವತ್ತೊಂಬತ್ತು ವರ್ಷದಲ್ಲಿ ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಲುಕಿಚ್ ಝಖಾರ್‌ನ ಮುಖ ನೋಡಿದ. ಝಖಾರ್ ಛಾವಣಿ ನೋಡುತ್ತಿದ್ದ.

"ಬಾ ರಾಯಾ, ಮೂಲೆ ಸುಡು!" ಅಂದ ಲುಕಿಚ್, ಹೆಂಡತಿಯ ಹೆಸರನ್ನು ಮುದ್ದಿಗೆ ಮೊಟಕುಮಾಡಿ.

ಪೊಕ್ರೊವ್ ದಿನ ಮೂಲೆ ಸುಡುವುದೆಂದರೆ, ಒಲೆ ಹಚ್ಚಿ ದೋಸೆಯಂಥ ಬ್ಲಿನ್ ಹುಯ್ಯುವುದು. ಮೊದಲನೆಯದನ್ನು ನಾಲ್ಕು ಚೂರು ಮಾಡಿ ಮನೆಯ ನಾಲ್ಕು ಮೂಲೆಗೆ ಇಟ್ಟರೆ ಚಳಿಗಾಲವೆಲ್ಲ ಶಾಖ ಮನೆ ಬಿಟ್ಟು ಹೋಗುವುದಿಲ್ಲ. ರಾಯಿಸ ಸೌದೆ ಒಟ್ಟಿದಳು, ಹೊಗೆಕೊಳವೆಯ ಮುಚ್ಚಳ ತೆರೆದಳು, ಕಡ್ಡಿ ಗೀರಿದಳು.

ಸೌದೆ ಹತ್ತಿತು. ಹೊಗೆ ಒಲೆಯ ಬಾಯಿಂದ ಹೊರಗೆ ಇಣುಕಿ, ಸುತ್ತ ನೋಡಿ, ಬೆಚ್ಚಗಿದೆಯಲ್ಲಾ ಅಂದುಕೊಂಡಂತೆ ಮನೆಯೊಳಗೇ ಬಂತು. ಮೊದಲು ಒಂದೆಳೆ. ಆಮೇಲೆ ಕಂಬಳಿಯಷ್ಟು.

"ಮುಚ್ಚಳ ತೆಗೆದಿದ್ದೀಯಾ?"

"ತೆಗೆದಿದ್ದೀನಿ, ನೀನೇ ನೋಡು!"

"ನೋಡಿದ್ರಾ ಒಲೆ ಯೋಗ್ಯತೆ!" ಲುಕಿಚ್ ಕೆಮ್ಮಿನ ನಡುವೆಯೂ ಕೂಗಿದ. "ಇಪ್ಪತ್ತು ವರ್ಷದಿಂದ ಬಡ್ಕೊಂಡೆ! ಝಖಾರ್, ಈಗ ಏನಂತೀಯಾ?"

ಝಖಾರ್ ಎದ್ದು ಹೋಗಿ ಬಾಗಿಲು ತೆರೆದ. ಹಿಮಗಾಳಿ ಒಳನುಗ್ಗಿದ್ದೇ ತಡ, ಒಲೆ ಹುಲಿಯಂತೆ ಗುರ್ರೆಂದಿತು. ಹೊಗೆ ತಿರುಗಿ ಕೊಳವೆಗೆ ಓಡಿತು. ಬಾಗಿಲು ಮುಚ್ಚಿದ. ಹೊಗೆ ವಾಪಸ್. ತೆರೆದ, ಹೋಯಿತು. ಮುಚ್ಚಿದ, ಬಂತು. ಮೇಷ್ಟ್ರು ದಡ್ಡ ಹುಡುಗನಿಗೆ ಲೆಕ್ಕ ತೋರಿಸುವ ಹಾಗೆ ಮೂರು ಸಲ ಮಾಡಿ ತೋರಿಸಿದ.

"ಬಾಟ್ಲಿಯೊಳಗೆ ಬೆಂಕಿ ಹಚ್ಚಿದ್ದೀಯಾ ಲುಕಿಚ್. ಹೊಗೆ ಹೊರಗೆ ಹೋಗ್ಬೇಕಾದ್ರೆ ಗಾಳಿ ಒಳಗೆ ಬರ್ಬೇಕು. ಕೇಳ್ಲಿಲ್ವಾ ನಾನು ಬೇಸಿಗೇಲೇ?"

"ಸರಿಯಾಗಿ ಹೇಳ್ಬೇಕಿತ್ತು!"

"ಹೇಳಿದ್ರೆ ನೀನು ಕೇಳೋನಾ? ಇನ್ನೊಂದು ಇಲಿ ಬಿಲ ಹುಡುಕಿ ಮುಚ್ತಿದ್ದೆ."

ಕ್ಲಾವಾ ಕೋಟಿನ ಕಾಲರಿನಲ್ಲಿ ಮೂಗು ಹುದುಗಿಸಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯುವಂತಿರಲಿಲ್ಲ. ರಾಯಿಸಳಿಗೆ ಕೆಮ್ಮು ಹತ್ತಿತು. ಕಳೆದ ಚಳಿಗಾಲದ್ದೇ ಕೆಮ್ಮು, ಎದೆಯಾಳದಿಂದ. ಬಾಗಿಲ ಚೌಕಟ್ಟಿಗೆ ಒರಗಿ, ಹಿಮದ ಕಡೆ ಮುಖ ಮಾಡಿ, ಉಸಿರು ಸಿಕ್ಕಿದ ಮೇಲೆ ಹೇಳಿದಳು. "ಬಾಗಿಲು ತೆಗೆದ್ರೆ ಚಳಿ, ಮುಚ್ಚಿದ್ರೆ ಹೊಗೆ. ನಿನ್ನ ಮಾತು ನೀನು ಗೆದ್ದೆ ಲುಕಿಚ್. ಆದ್ರೆ ಹೀಗೆ ಬದುಕೋದು ಹೇಗೆ?" ಅವಳ ಕೈ ಚೀಲದ ಹಿಡಿಯ ಮೇಲಿತ್ತು.

ಲುಕಿಚ್ ಒಲೆ ಕೆದಕುವ ಕಬ್ಬಿಣದ ಸಲಾಕೆ ಎತ್ತಿಕೊಂಡ. ನೇರ ಅಡಿಗೆಮನೆಯ ಕಿಟಕಿಗೆ ಹೋಗಿ ನಿಂತ. ಸಲಾಕೆ ಎತ್ತಿದ. ಕೈ ಅಲ್ಲೇ ನಿಂತಿತು. ನಲವತ್ತೈದು ವರ್ಷ ಊರಿನ ಪೋಲಿ ಹುಡುಗರು, ಕುಡುಕರು, ಆಲಿಕಲ್ಲು ಒಡೆದದ್ದನ್ನೆಲ್ಲ ಕೂಡಿಸಿದ ಕೈ ಅದು. ಒಂದು ಗಾಜನ್ನೂ ಬೇಕೆಂದು ಒಡೆದದ್ದಿಲ್ಲ. ಕೂಡಿನಲ್ಲಿ ಬ್ಲೇಡು ತೂರದ ಕಿಟಕಿ. ಮೇಣದಬತ್ತಿ ಸಲಾಮು ಹೊಡೆದ ಕಿಟಕಿ. ಹಿಂದೆ ರಾಯಿಸ ಮತ್ತೆ ಕೆಮ್ಮಿದಳು.

"ಒಡಿಯೋ, ಏನ್ ಬೊಂಬೆ ಹಾಗೆ ನಿಂತಿದ್ದೀಯಾ!" ಕ್ಲಾವಾ ಕಿರುಚಿದಳು. "ನಮ್ಮನ್ನ ಹಂದಿಮಾಂಸದ ಹಾಗೆ ಹೊಗೇಲಿ ಒಣಗಿಸ್ತೀಯಾ? ಗಾಜು ಕೂರಿಸೋಕೂ ಬರಲ್ಲ, ಒಡೆಯೋಕೂ ಬರಲ್ಲ!"

ಆಗ ಅವನ ಕಣ್ಣು ಮೇಲಿನ ಚಿಕ್ಕ ಚೌಕಕ್ಕೆ ಹೋಯಿತು. ಮೂಲೆಯಲ್ಲಿ ಉಗುರಿನಷ್ಟು ಗೀರು. ಎಂಟು ವರ್ಷದ ಮಾತೆಲ್ಲ ಒಟ್ಟಿಗೆ ಕಿವಿಯಲ್ಲಿ ಮೊಳಗಿತು.

ಕೈ ತಾನಾಗಿಯೇ ಎದ್ದಿತು. ಛಳ್! ಒಳಗಿನದು. ಛಳ್! ಹೊರಗಿನದು. ಆ ಏಟಿನಲ್ಲಿದ್ದ ಸುಖವನ್ನು ಲುಕಿಚ್ ಯಾವ ಪಾದ್ರಿಯ ಮುಂದೆಯೂ ಒಪ್ಪಿಕೊಳ್ಳಲಾರ.

"ನಿನ್ನದೇ ಗಾಜು ಅದು ಕ್ಲಾವಾ," ಅಂದ ತಿರುಗಿ. "ನೀನೇ ಎಸೆದಿದ್ದು. ನೋಡು, ಕಡೆಗೂ ಒಂದು ಉಪಯೋಗಕ್ಕೆ ಬಂತು."

ಝಖಾರ್ ಬಾಗಿಲು ಮುಚ್ಚಿದ. ತೂತಿನಿಂದ ಗಾಳಿ ಸುಯ್ಯೆಂದು ಬಂತು, ಒಲೆ ಗುರ್ರೆಂದಿತು, ಹೊಗೆ ತನ್ನ ದಾರಿ ಹಿಡಿಯಿತು. ರಾಯಿಸ ಕಣ್ಣೊರೆಸಿಕೊಂಡು ಹಿಟ್ಟಿಗೆ ಕೈಹಾಕಿದಳು. ಮೊದಲ ಬ್ಲಿನ್ ಸೀದಿತ್ತು. ಮೂಲೆಗೆ ತಾನೇ ಅಂತ ನಾಲ್ಕು ಚೂರು ಮಾಡಿ ನಾಲ್ಕು ಕಡೆ ಇಟ್ಟಳು. ಉಳಿದವನ್ನು ನಾಲ್ವರೂ ಹುಳಿಕೆನೆ ಹಚ್ಚಿಕೊಂಡು ತಿಂದರು. ಬಾಯಿ ತುಂಬಿದ್ದರಿಂದ ಸ್ವಲ್ಪ ಹೊತ್ತು ಯಾರೂ ಯಾರನ್ನೂ ಬೈಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮನೆ ಎಷ್ಟು ಕಾದಿತೆಂದರೆ ಕ್ಲಾವಾ ಕೋಟು ಬಿಚ್ಚಿದಳು. ಬಿಚ್ಚಿದ್ದು ಯಾರೂ ನೋಡಲಿಲ್ಲ ಅಂದುಕೊಂಡಳು. ಎಲ್ಲರೂ ನೋಡಿದರು.

ಆದರೆ ಅವಳು ಸೋಲುವ ಪೈಕಿಯೇ? ಲೋಟದಲ್ಲಿದ್ದ ಮೇಣದಬತ್ತಿ ಹಚ್ಚಿ ತೂತಿನ ಹತ್ತಿರ ಹಿಡಿದಳು. ಉರಿ ಅಡ್ಡ ಮಲಗಿ ಆರಿಯೇ ಹೋಯಿತು.

"ಏಳರಲ್ಲಿ ಒಂದು ಬಾಗಿದ್ರೂ ಫೋನ್ ಮಾಡ್ತೀನಿ ಅಂದಿದ್ಯಂತೆ. ಇದು ಬಾಗಿದ್ದಲ್ಲ, ಸತ್ತೇ ಹೋಯ್ತು. ಫೋನ್ ಮಾಡಪ್ಪಾ."

ಲುಕಿಚ್ ಒಡೆದ ಗಾಜನ್ನೆಲ್ಲ ಗುಡಿಸಿ ಡಬ್ಬಕ್ಕೆ ತುಂಬಿ ಮುಚ್ಚಳ ಮುಚ್ಚಿದ. ತಾನೇ ಒಡೆದದ್ದನ್ನು ಗುಡಿಸುವುದು ಅವನ ಕೈಗೆ ಹೊಸ ಅನುಭವ.

ಹೊತ್ತು ಇಳಿಯಿತು. ಝಖಾರ್ ಬೇಲಿಯಾಚೆ ತನ್ನ ಮನೆಗೆ ಹೋದ. ಕೆಂಡ ಕಪ್ಪಾದ ಮೇಲೆ ರಾಯಿಸ ಹೊಗೆಕೊಳವೆಯ ಮುಚ್ಚಳ ಹಾಕಿದಳು. ಈಗ ತೂತಿನಿಂದ ಬರುತ್ತಿದ್ದುದು ಬರೀ ಚಳಿ. ಕ್ಲಾವಾ ಮತ್ತೆ ಕೋಟು ತೊಟ್ಟು, ಬಾಗಿಲ ಬಳಿ ನಿಂತು, "ಹೊರಡು ರಾಯಾ, ಕತ್ತಲಾದ್ರೆ ಬಸ್ ಇರಲ್ಲ" ಅಂದಳು.

ರಾಯಿಸ ಚೀಲದ ಹತ್ತಿರ ಹೋದಳು. ಲುಕಿಚ್ ಪುಟ್ಟಿ ಕೆರೆಯುವ ಚೂರಿಯಿಂದ ತನ್ನ ಉಗುರು ಕೆರೆಯುತ್ತಾ ನೆಲ ನೋಡುತ್ತಿದ್ದ. ಅವಳು ಚೀಲದ ಬಾಯಿ ಬಿಚ್ಚಿದಳು, ಗರಿಯ ದಿಂಬನ್ನು ಎಳೆದಳು, ಕೊಡವಿದಳು, ಮೊಣಕಾಲಿಗೆ ಒತ್ತಿ ಸುತ್ತಿದಳು. ಬೆಂಚು ಹತ್ತಿ ಆ ತೂತಿಗೆ ತುರುಕಿದಳು. ಮೊಳಕೈಯಿಂದ ಎರಡು ಗುದ್ದಿದಳು.

"ಅಯ್ಯೋ, ತಲೆಗೇನು ಇಟ್ಕೊಳ್ತೀಯೇ?" ಅಂದಳು ಕ್ಲಾವಾ.

"ಮಲಗೋದ್ರೊಳಗೆ ಇವನು ಕಿಂಡಿಗೆ ಬಾಗಿಲು ಕೂರಿಸ್ತಾನೆ. ಇಲ್ದಿದ್ರೆ ಇವನ ದಿಂಬು ನನಗೆ, ನೆಲಹಲಗೆ ಇವನಿಗೆ. ನೀನು ಬಸ್ಸಿಗೆ ಹೋಗಕ್ಕಾ."

"ಮತ್ತೆ ಫೋನು?"

"ಫೋನ್ ಮಾಡೋದು ಅವನು ಹೇಳಿದ್ದು, ನನಗೇ ತಾನೇ? ನಾನು ಕೇಳಿಸ್ಕೊಂಡಿಲ್ಲ."

ಲುಕಿಚ್ ಧಡಕ್ಕನೆ ಎದ್ದ. "ನೋಡಿದ್ರಾ! ಕಿಟಕಿದೇನೂ ತಪ್ಪಿಲ್ಲ. ಎಲ್ಲಾ ಆ ಒಲೆದೇ!" ಅಂದು, ಯಾರೂ ಉತ್ತರ ಕೊಡುವ ಮೊದಲೇ ಕೊಟ್ಟಿಗೆಗೆ ನಡೆದ. ಸೌದೆಗೆಂದು ಎಸೆದಿದ್ದ ಅಪ್ಪನ ಹಳೆಯ ಕಿಟಕಿಗಳ ರಾಶಿಯಲ್ಲಿ ಕಿಂಡಿಯ ಬಾಗಿಲೊಂದು ಸಿಕ್ಕಿತು, ತುಕ್ಕು ಹಿಡಿದ ಕೀಲಿನ ಸಮೇತ. ಅಂಗಳಕ್ಕೆ ತಂದು ತಲೆ ಎತ್ತಿ ನೋಡಿದ. ಹೊಸ ಕಿಟಕಿಯಿಂದ ದಿಂಬಿನ ಬಿಳಿ ಮೂಲೆ ಹೊರಗೆ ಇಣುಕಿತ್ತು. ಅದರ ಮೇಲೆ ಆಗಲೇ ಒಂದು ಚಿಟಿಕೆ ಹಿಮ ಕೂತಿತ್ತು. ಗೇಣು ಹಾಕಿ ಅಳತೆ ನೋಡಿದ. ಕಿಂಡಿಯ ಬಾಗಿಲು ಆ ತೂತಿಗಿಂತ ಸರಿಯಾಗಿ ಒಂದು ಬೆರಳು ದೊಡ್ಡದು.

ಅದಕ್ಕೂ ಬೇಲಿಯ ಕಡೆ ತಿರುಗಿ ಝಖಾರ್‌ನನ್ನೇ ಬೈದ.